ಹಿಮದ ಅಂಚಿನಲ್ಲಿ ಚಿಗುರಿದ ಎಲೆ: ಕಪ್ಪು ಸಮುದ್ರ ತೀರದ ಚಹಾ ಕಥನ

ಚಹಾ ತೋಟವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಅಸ್ಸಾಮಿನ ಬಯಲು, ಡಾರ್ಜಿಲಿಂಗಿನ ಇಳಿಜಾರು, ಮುನ್ನಾರು, ನೀಲಗಿರಿ. ವಸಾಹತು ಕಾಲದ ಬಂಗಲೆ, ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸರು, ಮಂಜು, ಮಳೆ. ಚಹಾ ನಮಗೆ ಬಿಸಿಲು ಮತ್ತು ಮಳೆಯ ನಾಡಿನ ಬೆಳೆ. ಆದರೆ ಚಳಿಗಾಲದಲ್ಲಿ ಮೊಳಕಾಲುದ್ದ ಹಿಮ ಬೀಳುವ, ಆರು ತಿಂಗಳು ಒಂದು ಚಿಗುರೂ ಒಡೆಯದ ನಾಡಿನಲ್ಲಿ ಇದೇ ಗಿಡವನ್ನು ಲಕ್ಷಾಂತರ ಟನ್ನುಗಳ ಲೆಕ್ಕದಲ್ಲಿ ಬೆಳೆದ ಇತಿಹಾಸವೊಂದಿದೆ. ಕಪ್ಪು ಸಮುದ್ರದ ಪೂರ್ವ ದಂಡೆಯ ಆ ಇತಿಹಾಸದಲ್ಲಿ ಚಕ್ರವರ್ತಿಗಳಿದ್ದಾರೆ, ವರ್ತಕರಿದ್ದಾರೆ, ಕ್ಯಾಂಟನ್ ಕಡೆಯಿಂದ ಬಂದ ಒಬ್ಬ ಚೀನೀ ಕುಶಲಕರ್ಮಿಯಿದ್ದಾನೆ, ಹುಚ್ಚನೆನಿಸಿಕೊಂಡ ಒಬ್ಬ ರೈತನಿದ್ದಾನೆ. ಎಲ್ಲರಿಗಿಂತ ಹೆಚ್ಚಾಗಿ ಸರ್ಕಾರವಿದೆ. ಗುರಿ ಮತ್ತು ಸಾಧನೆ ಎಂಬ ಎರಡು ಅಂಕಣಗಳ ನಡುವೆ ನೌಕರಿಯ ಬಹುಭಾಗವನ್ನು ಕಳೆದಿರುವ ನನ್ನಂಥವನಿಗೆ ಈ ಕಥೆಯಲ್ಲಿ ಆಸಕ್ತಿ ಹುಟ್ಟಲು ಈ ಕೊನೆಯ ಪಾತ್ರವೇ ಕಾರಣ.

ಮೊದಲು ಗಿಡದ ಸ್ವಭಾವವನ್ನು ತಿಳಿಯಬೇಕು. ಚಹಾ ಗಿಡದಲ್ಲಿ ಮುಖ್ಯವಾಗಿ ಎರಡು ಬಗೆ. ಅಸ್ಸಾಮಿನ ದೊಡ್ಡೆಲೆಯ ಬಗೆ ಉಷ್ಣವನ್ನು ಬಯಸುತ್ತದೆ; ಚೀನಾದ ಸಣ್ಣೆಲೆಯ ಬಗೆ ಚಳಿಯನ್ನು ಸಹಿಸುತ್ತದೆ. ಎರಡಕ್ಕೂ ಹುಳಿ ಮಣ್ಣು ಬೇಕು, ಧಾರಾಳ ಮಳೆ ಬೇಕು, ಬೇರಿನ ಬಳಿ ನೀರು ನಿಲ್ಲಬಾರದು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಗಿಡ ವರ್ಷವಿಡೀ ಚಿಗುರುತ್ತದೆ. ಉತ್ತರಕ್ಕೆ ಹೋದಂತೆ ಹಗಲು ಕಿರಿದಾಗುವ ತಿಂಗಳುಗಳಲ್ಲಿ ಅದು ನಿದ್ದೆಗೆ ಜಾರುತ್ತದೆ. ಅಸ್ಸಾಮಿನಲ್ಲೂ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು ನಿಲ್ಲುವುದು ಇದರಿಂದಲೇ. ಇನ್ನೂ ಉತ್ತರಕ್ಕೆ ಹೋದರೆ ನಿದ್ದೆ ದೀರ್ಘವಾಗುತ್ತದೆ, ಜೊತೆಗೆ ಹಿಮಪಾತದ ಭಯ. ವಿಚಿತ್ರವೆಂದರೆ ನೆಲ ಮುಚ್ಚುವ ಹಿಮ ಚಹಾದ ಶತ್ರುವಲ್ಲ. ಅದು ಕಂಬಳಿಯಂತೆ ಗಿಡವನ್ನು ಕಾಯುತ್ತದೆ. ಕೊಲ್ಲುವುದು ಹಿಮದ ಹೊದಿಕೆಯಿಲ್ಲದ ಒಣ ಚಳಿಗಾಳಿ. ಚಿಗುರು ಒಡೆದ ಮೇಲೆ ತಡವಾಗಿ ಬೀಳುವ ಇಬ್ಬನಿಗಡ್ಡೆಯೂ ಅಷ್ಟೇ ಅಪಾಯಕಾರಿ. ನೀಲಗಿರಿಯ ಬೆಳೆಗಾರರು ಜನವರಿಯ ರಾತ್ರಿಗಳಲ್ಲಿ ಅಂಜುವುದೂ ಇದಕ್ಕೇ.

ಕಪ್ಪು ಸಮುದ್ರದ ಪೂರ್ವ ತೀರ ಇಂಥ ಗಿಡಕ್ಕೆ ಅಪರೂಪದ ಆಸರೆ. ಬತೂಮಿ ನಗರ 41 ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿದೆ. ಅಂದರೆ ಕಾಶ್ಮೀರಕ್ಕಿಂತಲೂ ಬಹಳ ಉತ್ತರಕ್ಕಿದೆ. ಆದರೂ ಅಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಸುರಿಯುತ್ತದೆ. ನಮ್ಮ ಮಲೆನಾಡಿನವರು ಹೌದೆಂದು ತಲೆದೂಗುವ ಪ್ರಮಾಣವದು. ಉತ್ತರದ ರಷ್ಯನ್ ಬಯಲಿನಿಂದ ಬರುವ ಚಳಿಗಾಳಿಯನ್ನು ಕಾಕಸಸ್ ಪರ್ವತಶ್ರೇಣಿ ತಡೆಯುತ್ತದೆ. ಸಮುದ್ರ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲನೆ ಬಿಟ್ಟುಕೊಡುತ್ತದೆ. ಕೆಂಪು ಮಣ್ಣು ಹುಳಿ. ಬೆಟ್ಟ, ಕಡಲು, ಮಳೆ, ಕೆಂಪು ಮಣ್ಣು: ಪಶ್ಚಿಮ ಘಟ್ಟದ ಮಗ್ಗುಲಲ್ಲಿ ಬೆಳೆದವರಿಗೆ ಈ ಕೂಟ ಅಪರಿಚಿತವಲ್ಲ.

ರಷ್ಯನ್ನರಿಗೆ ಚಹಾದ ರುಚಿ ಹತ್ತಿದ್ದು ಹದಿನೇಳನೆಯ ಶತಮಾನದಲ್ಲಿ. 1727ರ ಒಪ್ಪಂದದ ನಂತರ ಚೀನಾ ಗಡಿಯ ಕ್ಯಾಖ್ತಾ ಪಟ್ಟಣ ಆ ವ್ಯಾಪಾರದ ಹೆಬ್ಬಾಗಿಲಾಯಿತು. ಒಂಟೆಗಳ ಮೇಲೆ, ಬಂಡಿಗಳಲ್ಲಿ, ಸೈಬೀರಿಯಾದ ಹಿಮದ ಮೇಲೆ ಜಾರುಗಾಡಿಗಳಲ್ಲಿ ತಿಂಗಳುಗಟ್ಟಲೆ ಸಾಗಿ ಚಹಾ ಮಾಸ್ಕೋ ಸೇರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಸಮೋವರ್ ಇಲ್ಲದ ರಷ್ಯನ್ ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಯಿತು. ಅಲ್ಲಿನ ಕಾದಂಬರಿಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಷ್ಯನ್ನರ ‘ಚಾಯ್’, ತುರ್ಕರ ‘ಚಾಯ್’, ನಮ್ಮ ‘ಚಹಾ’ ಎಲ್ಲವೂ ಒಂದೇ ಚೀನೀ ಬೇರಿನಿಂದ ಒಡೆದ ಕವಲುಗಳು. ಕುಡಿಯುವವರು ಹೆಚ್ಚಿದಂತೆ ದೇಶದ ಹಣ ಹೊರಗೆ ಹರಿಯಿತು. ‘ನಮ್ಮ ನೆಲದಲ್ಲೇ ಏಕೆ ಬೆಳೆಯಬಾರದು?’ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಮೊದಲ ಪ್ರಯತ್ನ ಕ್ರಿಮಿಯಾದ ನಿಕಿತಾ ಸಸ್ಯೋದ್ಯಾನದಲ್ಲಿ ನಡೆಯಿತು. ಅಲ್ಲಿನ ಸುಣ್ಣದ ಮಣ್ಣು, ಒಣ ಬೇಸಿಗೆ ಎರಡೂ ಗಿಡಕ್ಕೆ ಒಗ್ಗಲಿಲ್ಲ. 1840ರ ದಶಕದಲ್ಲಿ ಸಸಿಗಳು ಅಲ್ಲಿಂದ ಪೂರ್ವಕ್ಕೆ, ಸುಖುಮಿ ಮತ್ತು ಒಜುರ್ಗೆತಿಗೆ ಸಾಗಿದವು. ಗುರಿಯಾ ಪ್ರಾಂತದಲ್ಲಿ ಗಿಡ ಬದುಕಿತು. ಆದರೆ ಗಿಡ ಬದುಕುವುದು ಬೇರೆ, ಚಹಾ ಆಗುವುದು ಬೇರೆ. ಎಲೆಯನ್ನು ಹದವಾಗಿ ಬಾಡಿಸಬೇಕು, ಉರುಳಿಸಿ ಅದರ ರಸ ಹೊರಬರುವಂತೆ ಮಾಡಬೇಕು, ಗಾಳಿಗೆ ಬಿಟ್ಟು ಬಣ್ಣ ತಿರುಗಿಸಬೇಕು, ಸರಿಯಾದ ಗಳಿಗೆಯಲ್ಲಿ ಬಿಸಿಗೆ ಒಡ್ಡಿ ಆ ತಿರುಗುವಿಕೆಯನ್ನು ನಿಲ್ಲಿಸಬೇಕು. ಒಂದು ಗಂಟೆಯ ಹೆಚ್ಚುಕಡಿಮೆಯಲ್ಲಿ ರುಚಿ ಕೆಡುತ್ತದೆ. ಈ ಹದ ಪುಸ್ತಕದಲ್ಲಿರಲಿಲ್ಲ, ಕೈಯಲ್ಲಿತ್ತು. ಆ ಕೈ ಚೀನಾದಲ್ಲಿತ್ತು.

ವಿದ್ವಾಂಸರು ಆಗಲೇ ಈ ತೀರದ ಪರವಾಗಿ ವಾದಿಸತೊಡಗಿದ್ದರು. ಭಾರತ ಮತ್ತು ಜಪಾನುಗಳನ್ನು ಸುತ್ತಿಬಂದಿದ್ದ ಹವಾಮಾನ ವಿಜ್ಞಾನಿ ಅಲೆಕ್ಸಾಂಡರ್ ವೊಯೆಯ್ಕೊವ್ ಇಲ್ಲಿ ಚಹಾ ಸಾಧ್ಯವೆಂದರು. ರಸಾಯನಶಾಸ್ತ್ರಜ್ಞ ಬುಟ್ಲೆರೊವ್ ಸುಖುಮಿಯ ಬಳಿಯ ತಮ್ಮ ಜಮೀನಿನಲ್ಲಿ ನೆಟ್ಟು ನೋಡಿದರು. 1885ರಲ್ಲಿ ಸೊಲೊವ್ತ್ಸೊವ್ ಎಂಬ ನಿವೃತ್ತ ಸೈನ್ಯಾಧಿಕಾರಿ ಚೀನಾದಿಂದ ಸಸಿ ತರಿಸಿ ಬತೂಮಿಯ ಬಳಿಯ ಚಕ್ವಾದಲ್ಲಿ ತೋಟ ಮಾಡಿದರು. ಆದರೆ ಉದ್ಯಮದ ರೂಪ ಬಂದದ್ದು ಮಾಸ್ಕೋದ ಚಹಾ ವರ್ತಕ ಕೊನ್‌ಸ್ಟಂಟೀನ್ ಪೊಪೊವ್ ಕೈಹಾಕಿದ ಮೇಲೆ. 1893ರಲ್ಲಿ ಅವರು ಚೀನಾದಿಂದ ಬೀಜ, ಸಸಿಗಳ ಜೊತೆಗೆ ಕೆಲಸಗಾರರ ಒಂದು ಸಣ್ಣ ತಂಡವನ್ನೂ ಕರೆತಂದರು. ಆ ತಂಡದ ಮುಂದಾಳು ಲಿಯು ಜುನ್‌ಝೌ. ರಷ್ಯನ್ನರ ಬಾಯಲ್ಲಿ ಆ ಹೆಸರು ‘ಲಾವ್ ಜೆನ್‌ಜಾವ್’ ಆಯಿತು.

ಲಿಯು ಬಂದದ್ದು ಮೂರು ವರ್ಷದ ಕರಾರಿನ ಮೇಲೆ. ಅವಧಿ ಮುಗಿದ ಮೇಲೆ ಊರಿಗೆ ಹೋದರು. ಆದರೆ ಮತ್ತೆ ಮರಳಿದರು, ಈ ಬಾರಿ ಸಂಸಾರದೊಡನೆ, ಇನ್ನಷ್ಟು ಕುಟುಂಬಗಳನ್ನೂ ಕರೆದುಕೊಂಡು. ಪೊಪೊವ್ ತೋಟದ ಚಹಾ 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. ಹೊಸ ಶತಮಾನದ ಆರಂಭದಲ್ಲಿ ಲಿಯು ಚಕ್ವಾದ ರಾಜಮನೆತನದ ಜಮೀನಿನ ಚಹಾ ಕಾರ್ಖಾನೆಯ ಹೊಣೆ ಹೊತ್ತರು. ರಾಜಮನೆತನವೂ ಸುಮ್ಮನೆ ಕುಳಿತಿರಲಿಲ್ಲ. 1895ರಲ್ಲಿ ಕೃಷಿತಜ್ಞ ಕ್ಲಿಂಗೆನ್ ಮತ್ತು ಸಸ್ಯವಿಜ್ಞಾನಿ ಕ್ರಾಸ್ನೊವ್ ಅವರನ್ನೊಳಗೊಂಡ ತಂಡವನ್ನು ಭಾರತ, ಸಿಂಹಳ, ಚೀನಾ, ಜಪಾನುಗಳಿಗೆ ಕಳುಹಿಸಿ ಸಸಿಗಳನ್ನೂ ಅನುಭವವನ್ನೂ ತರಿಸಿಕೊಂಡಿತ್ತು. ಬತೂಮಿಯ ಪ್ರಸಿದ್ಧ ಸಸ್ಯೋದ್ಯಾನವನ್ನು ಮುಂದೆ ಕಟ್ಟಿದವರು ಇದೇ ಕ್ರಾಸ್ನೊವ್.

ಆ ಕಾಲದ ಚಕ್ವಾವನ್ನು ನಾವು ಇಂದಿಗೂ ಬಣ್ಣದಲ್ಲಿ ನೋಡಬಹುದು. ರಷ್ಯನ್ ಸಾಮ್ರಾಜ್ಯವನ್ನೆಲ್ಲ ಸುತ್ತಿ ವರ್ಣಚಿತ್ರ ತೆಗೆದ ಪ್ರೊಕುದಿನ್‌ಗೋರ್ಸ್ಕಿ ಇಲ್ಲಿಗೂ ಬಂದಿದ್ದರು. ಒಂದು ಚಿತ್ರದಲ್ಲಿ ಲಿಯು ತಮ್ಮ ನಾಡಿನ ಉಡುಪಿನಲ್ಲಿ ಚಹಾ ಗಿಡಗಳ ಮುಂದೆ ನಿಂತಿದ್ದಾರೆ. ಮತ್ತೊಂದರಲ್ಲಿ ಗ್ರೀಕ್ ಹೆಂಗಸರ ಗುಂಪು ಇಳಿಜಾರಿನಲ್ಲಿ ಎಲೆ ಕೀಳುತ್ತಿದೆ. ಜಾರ್ಜಿಯಾದ ನೆಲ, ರಷ್ಯಾದ ಬಂಡವಾಳ, ಚೀನಾದ ಹದ, ಗ್ರೀಕರ ಬೆರಳು: ಈ ಬೆಳೆ ಮೊದಲಿನಿಂದಲೂ ಪರಸ್ಥಳದವರ ಕೂಟವಾಗಿತ್ತು. ಕ್ರಾಂತಿಯ ನಂತರವೂ ಲಿಯು ಚಕ್ವಾದಲ್ಲೇ ಉಳಿದು ಕೆಲಸ ಮಾಡಿದರು. ತ್ಸಾರನ ಸರ್ಕಾರವೂ ಅವರನ್ನು ಗೌರವಿಸಿತು, ಸೋವಿಯತ್ ಸರ್ಕಾರವೂ ಗೌರವಿಸಿತು. ಮೂರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿದ್ದು 1926ರಲ್ಲಿ ಅವರು ಚೀನಾಕ್ಕೆ ಹಿಂದಿರುಗಿದರು.

ಚಕ್ವಾದ ತೋಟದಲ್ಲಿ ದುಡಿದಿದ್ದ ಯೂದಾ ಕೋಷ್ಮನ್ ಎಂಬ ಉಕ್ರೇನಿನ ರೈತನ ಕಥೆ ಇನ್ನೊಂದು ಬಗೆಯದು. 1901ರಲ್ಲಿ ಆತ ಅಲ್ಲಿಂದ ಬೀಜ ತಂದು, ಸೋಚಿಯ ಹಿಂಬದಿಯ ಬೆಟ್ಟದಲ್ಲಿರುವ ಸೊಲೊಖಾವುಲ್ ಎಂಬ ಹಳ್ಳಿಯಲ್ಲಿ ಬಿತ್ತಿದ. ಅದು ಬತೂಮಿಗಿಂತ ಎರಡು ಡಿಗ್ರಿ ಉತ್ತರದ ಜಾಗ. ಅಲ್ಲಿ ಚಹಾ ಬದುಕುವುದಿಲ್ಲವೆಂದು ತಜ್ಞರ ಮಾತು. ಊರವರಿಗೆ ಆತ ಹುಚ್ಚ. ಆದರೆ ಗಿಡಗಳು ಬದುಕಿದವು, ಚಹಾ ಕೊಟ್ಟವು. ದಶಕಗಳ ನಂತರ ಸರ್ಕಾರ ಆ ಪ್ರದೇಶದಲ್ಲಿ ತೋಟ ಎಬ್ಬಿಸಲು ಹೊರಟಾಗ ಕೋಷ್ಮನ್ ಕೈತೋಟವೇ ಸಾಕ್ಷ್ಯ. ಇಂದು ‘ಕ್ರಾಸ್ನೊದಾರ್ ಚಹಾ’ ಎಂದು ಮಾರಾಟವಾಗುವ, ಜಗತ್ತಿನ ಅತ್ಯಂತ ಉತ್ತರದ ವಾಣಿಜ್ಯ ಚಹಾಗಳಲ್ಲಿ ಒಂದೆನಿಸಿದ ಬೆಳೆಯ ಮೂಲ ಅದು. ಅವನ ಮನೆ ಈಗ ವಸ್ತುಸಂಗ್ರಹಾಲಯ.

1921ರಲ್ಲಿ ಜಾರ್ಜಿಯಾ ಸೋವಿಯತ್ ಆಳ್ವಿಕೆಗೆ ಬಂತು. ಹೊಸ ಸರ್ಕಾರಕ್ಕೂ ಹಳೆಯ ಚಿಂತೆಯೇ: ಚಹಾಕ್ಕೆಂದು ವಿದೇಶೀ ವಿನಿಮಯ ಏಕೆ ಸೋರಬೇಕು? 1925ರಲ್ಲಿ ‘ಚಾಯ್‌ಗ್ರೂಜಿಯಾ’ ಎಂಬ ಸಂಸ್ಥೆ ಹುಟ್ಟಿತು. ಒಜುರ್ಗೆತಿಯ ಬಳಿಯ ಅನಾಸೆವುಲಿಯಲ್ಲಿ ಚಹಾ ಸಂಶೋಧನಾ ಸಂಸ್ಥೆ ಬಂತು. ಕೊಲ್ಖಿಸ್ ತಗ್ಗಿನ ಮಲೇರಿಯಾ ಜೌಗುಗಳನ್ನು ಬಸಿಯಲಾಯಿತು. ಗುರಿಯಾ ಮತ್ತು ಸಮೆಗ್ರೆಲೊ ಪ್ರಾಂತಗಳಲ್ಲಿ ರೈತರು ತಲೆಮಾರುಗಳಿಂದ ಮೆಕ್ಕೆಜೋಳ ಬೆಳೆದುಣ್ಣುತ್ತಿದ್ದ ನೆಲ ಚಹಾದ ಪಾಲಾಯಿತು. ಊಟದ ಧಾನ್ಯವನ್ನು ಸರ್ಕಾರ ಹೊರಗಿನಿಂದ ಒದಗಿಸುವ ಏರ್ಪಾಡಾಯಿತು. ಸಾಮೂಹಿಕ ಕೃಷಿಯ ಆ ದಶಕದಲ್ಲಿ ಒಪ್ಪಿಗೆ ಕೇಳುವ ಪದ್ಧತಿ ಇರಲಿಲ್ಲ. ಉಣ್ಣುವ ಬೆಳೆಯನ್ನು ಕಿತ್ತು ಮಾರುವ ಬೆಳೆಯನ್ನು ನೆಟ್ಟ ರೈತನ ತುತ್ತು ದೂರದ ಮಾಸ್ಕೋದ ಕೈಗೆ ಹೋಯಿತು. ಇದರ ಪೂರ್ಣ ಅರ್ಥ ತಿಳಿದದ್ದು ಅರವತ್ತು ವರ್ಷಗಳ ನಂತರ.

ಆ ಕಾಲದ ನಿಜವಾದ ಸಾಧನೆ ನಡೆದದ್ದು ಸದ್ದಿಲ್ಲದ ಸಸಿಮಡಿಗಳಲ್ಲಿ. ಕ್ಸೇನಿಯಾ ಬಖ್ತಾದ್ಜೆ ಎಂಬ ವಿಜ್ಞಾನಿ 1920ರ ದಶಕದಿಂದ ಚಕ್ವಾದಲ್ಲಿ ಚಳಿ ತಾಳುವ ತಳಿಗಳ ಬೆನ್ನುಹತ್ತಿದರು. ಚಹಾ ಗಿಡ ಬೀಜದಿಂದ ಬೆಳೆದು ಆಯ್ಕೆಗೆ ಸಿಗಲು ವರ್ಷಗಳು ಬೇಕು. ಒಂದು ತಳಿ ನೆಲೆಯೂರಲು ದಶಕಗಳು. ಪ್ರತಿ ಕಡುಚಳಿಯ ವರ್ಷದ ನಂತರ ಸಾಯದೆ ಉಳಿದ ಗಿಡಗಳನ್ನು ಗುರುತಿಸಿ, ಅವುಗಳಲ್ಲಿ ಒಳ್ಳೆಯ ಎಲೆ ಕೊಡುವುದನ್ನು ಆರಿಸಿ, ಮತ್ತೆ ಕೂಡಿಸಿ, ಮತ್ತೆ ಕಾಯುವ ಕೆಲಸವದು. ‘ಗ್ರೂಜಿನ್ಸ್ಕಿ’ ಎಂಬ ಹೆಸರಿನ ಕೆಳಗೆ ಕ್ರಮಸಂಖ್ಯೆ ಹೊತ್ತು ಬಂದ ತಳಿಗಳು ಅವರ ಜೀವಮಾನದ ಫಲ. ಸಾವಿರಾರು ಹೆಕ್ಟೇರು ತೋಟಗಳು ಚಳಿಯನ್ನು ಎದುರಿಸಿ ನಿಂತದ್ದರಲ್ಲಿ ಆದೇಶಪತ್ರಗಳಿಗಿಂತ ಈ ತಾಳ್ಮೆಯ ಪಾಲು ದೊಡ್ಡದು.

ಆದೇಶಗಳೂ ತಮ್ಮ ಕೆಲಸ ಮಾಡುತ್ತಿದ್ದವು. ತೋಟಗಳ ವಿಸ್ತೀರ್ಣ 60,000 ಹೆಕ್ಟೇರುಗಳನ್ನು ಮೀರಿತು. ಸೋವಿಯತ್ ಒಕ್ಕೂಟದೊಳಗೆ ಬೆಳೆಯುತ್ತಿದ್ದ ಚಹಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಜಾರ್ಜಿಯಾದ್ದು. ಆದರೆ ಲೆಕ್ಕ ಹಿಡಿಯುತ್ತಿದ್ದುದು ತೂಕವನ್ನು. ಒಳ್ಳೆಯ ಚಹಾಕ್ಕೆ ಬೇಕಾದುದು ಎರಡೆಲೆ, ಒಂದು ಕುಡಿ. ಕೈಯಿಂದ ಅದನ್ನಷ್ಟೇ ಆರಿಸಿ ಕಿತ್ತರೆ ದಿನದ ತೂಕ ಕಡಿಮೆ. ಕೆಳಗಿನ ಬಲಿತ ಎಲೆಯನ್ನೂ ಸೇರಿಸಿದರೆ ತೂಕ ಜಾಸ್ತಿ, ಸಂಬಳ ಜಾಸ್ತಿ, ಪದಕವೂ ಸಿಗಬಹುದು. 1960ರ ದಶಕದಲ್ಲಿ ‘ಸಕಾರ್ತ್ವೆಲೊ’ ಎಂಬ ಕೊಯ್ಲಿನ ಯಂತ್ರ ಬಂತು. ಜಾರ್ಜಿಯನ್ನರು ತಮ್ಮ ನಾಡನ್ನು ಕರೆಯುವ ಹೆಸರೇ ಅದು. ಎಳೆಯ ಚಿಗುರನ್ನು ಮಾತ್ರ ಆರಿಸುವಂತೆ ರೂಪಿಸಿದ ಜಾಣ ಯಂತ್ರ. ಸೋವಿಯತ್ ತಂತ್ರಜ್ಞಾನದ ಹೆಮ್ಮೆಯೆಂದು ಹೊಗಳಿಸಿಕೊಂಡಿತು. ಆದರೆ ಹೊಲದಲ್ಲಿ ಅದರ ಹಿಂದೆ ಓಡುತ್ತಿದ್ದುದು ತೂಕದ ಗುರಿಯೇ. ಕಡ್ಡಿ, ಬಲಿತ ಎಲೆ, ಮಳೆಯಲ್ಲಿ ನೆನೆದ ಎಲೆ ಎಲ್ಲವೂ ಕಾರ್ಖಾನೆಗೆ ಬಂದವು. ಕಾರ್ಖಾನೆಗೂ ಒಂದು ಗುರಿಯಿತ್ತು. ಅದು ಬಾಡಿಸುವ ಹೊತ್ತನ್ನು ಮೊಟಕುಮಾಡಿತು.

1980ರ ದಶಕದಲ್ಲಿ ಹಸಿರೆಲೆಯ ಕೊಯ್ಲು ವರ್ಷಕ್ಕೆ 5 ಲಕ್ಷ ಟನ್ನು ಮುಟ್ಟಿತ್ತು. ನಾಲ್ಕೂವರೆ ಕಿಲೊ ಹಸಿರೆಲೆಗೆ ಒಂದು ಕಿಲೊ ಚಹಾ ಎಂದು ಲೆಕ್ಕ ಹಾಕಿದರೆ ಲಕ್ಷ ಟನ್ನಿಗೂ ಮೀರಿದ ಚಹಾ. ವರದಿಯಲ್ಲಿ ಇದು ವಿಜಯ. ಆದರೆ ಅದೇ ಹೊತ್ತಿಗೆ ‘ಜಾರ್ಜಿಯಾ ಚಹಾ’ ಎಂಬುದು ಸೋವಿಯತ್ ಜನರ ಬಾಯಲ್ಲಿ ಕಳಪೆಗೆ ಇನ್ನೊಂದು ಹೆಸರಾಗಿತ್ತು. ಅವರು ಹುಡುಕುತ್ತಿದ್ದುದು ಆನೆಯ ಚಿತ್ರವಿದ್ದ ಪೊಟ್ಟಣವನ್ನು, ‘ಭಾರತೀಯ ಚಹಾ’ವನ್ನು. ವಿಪರ್ಯಾಸವೆಂದರೆ ಆ ಆನೆಯ ಪೊಟ್ಟಣದೊಳಗಿನದು ಪೂರ್ತಿ ಭಾರತದ್ದಾಗಿರಲಿಲ್ಲ. ಜಾರ್ಜಿಯಾದ ಎಲೆಯೂ ಅದರಲ್ಲಿ ಬೆರೆತಿರುತ್ತಿತ್ತು. 1900ರಲ್ಲಿ ತನ್ನ ಹೆಸರಿನಿಂದ ಪದಕ ಗೆದ್ದ ಎಲೆ ಈಗ ಪರರ ಹೆಸರಿನ ಮರೆಯಲ್ಲಿ ಮಾರಾಟವಾಗಬೇಕಿತ್ತು. ಅಂಕಿಗಳು ಸುಳ್ಳಾಗಿರಲಿಲ್ಲ, ಆದರೆ ಅಳೆಯಬೇಕಾದುದನ್ನು ಅವು ಅಳೆಯುತ್ತಿರಲಿಲ್ಲ.

ಈಗ ಗಡಿಯ ಆಚೆಗೆ ನೋಡೋಣ. ಬತೂಮಿಯಿಂದ ತೀರಗುಂಟ ದಕ್ಷಿಣಕ್ಕೆ ಸಾಗಿದರೆ ತುರ್ಕಿಯ ರಿಝೆ ಪ್ರಾಂತ. ಅದೇ ಮಳೆ, ಅದೇ ಮಣ್ಣು, ಅದೇ ಹಿಮ. ಆಟೊಮನ್ ಸಾಮ್ರಾಜ್ಯ ಕುಸಿದಾಗ ತುರ್ಕರು ಯೆಮೆನ್ ಕಳೆದುಕೊಂಡರು. ಜೊತೆಗೆ ತಮ್ಮದೇ ಆಗಿದ್ದ ಕಾಫಿಯ ನೆಲವನ್ನೂ. ಬಾಬಾ ಬುಡನ್ ಏಳು ಬೀಜ ತಂದರೆಂದು ನಾವು ನಂಬುವ ಅದೇ ಯೆಮೆನ್. ನಮ್ಮ ಬಾಬಾಬುಡನ್‌ಗಿರಿಗೆ ಕಾಫಿ ಕೊಟ್ಟ ನಾಡು ಕೈತಪ್ಪಿದ ಮೇಲೆ ತುರ್ಕರಿಗೆ ಕಾಫಿ ದುಬಾರಿ ಆಮದಾಯಿತು. ಕಾಫಿಯನ್ನು ಜಗತ್ತಿಗೆ ಹಂಚಿದ ಜನ ಚಹಾದ ಕಡೆ ತಿರುಗಿದರು. 1924ರಲ್ಲಿ ಹೊಸ ಗಣರಾಜ್ಯ ರಿಝೆಯಲ್ಲಿ ಚಹಾ ಬೆಳೆಯುವುದಕ್ಕೆ ಕಾನೂನನ್ನೇ ಮಾಡಿತು. ಝಿಹ್ನಿ ದೆರಿನ್ ಎಂಬ ಕೃಷಿ ಅಧಿಕಾರಿ ಬತೂಮಿಗೆ ಹೋಗಿ ಬೀಜ, ಸಸಿ ತಂದರು. ಮೊದಲ ಉತ್ಸಾಹ ಬಾಡಿತು, ರೈತರು ಹಿಂಜರಿದರು. ದೆರಿನ್ ಬಿಡಲಿಲ್ಲ. 1937ರಲ್ಲಿ ಬತೂಮಿಯಿಂದ 20 ಟನ್ ಬೀಜ ಬಂತು. 1938ರ ಮೊದಲ ಕೊಯ್ಲು 135 ಕಿಲೊ ಹಸಿರೆಲೆ, ಸಿಕ್ಕ ಚಹಾ 30 ಕಿಲೊ. 1947ರಲ್ಲಿ ರಿಝೆಯಲ್ಲಿ ಮೊದಲ ಕಾರ್ಖಾನೆ ತೆರೆಯಿತು. ಅರ್ಥಾತ್ ಲಿಯು ಮತ್ತು ಅವರ ಜೊತೆಗಾರರು ನೆಲೆಗೊಳಿಸಿದ ತೋಟಗಳ ನೆರೆಯಿಂದಲೇ ತುರ್ಕಿಯ ಚಹಾ ಹುಟ್ಟಿತು.

ಅಲ್ಲಿಯೂ ಮುನ್ನಡೆಸಿದ್ದು ಸರ್ಕಾರವೇ. ಎಲೆ ಕೊಳ್ಳುವುದು, ಕಾರ್ಖಾನೆ ನಡೆಸುವುದು, ಬೆಲೆ ಕಟ್ಟುವುದು ಬಹುಕಾಲ ಸರ್ಕಾರದ ಕೈಯಲ್ಲಿತ್ತು. ‘ಚಾಯ್‌ಕುರ್’ ಎಂಬ ಸರ್ಕಾರಿ ಸಂಸ್ಥೆಯ ಏಕಸ್ವಾಮ್ಯ ಮುಗಿದದ್ದು 1984ರಲ್ಲಿ. ವಿದೇಶೀ ಚಹಾದ ಮೇಲೆ ಶೇಕಡ 145ರಷ್ಟು ಆಮದು ಸುಂಕ. ಗುಣದ ವಿಷಯದಲ್ಲೂ ತುರ್ಕಿ ಆದರ್ಶವಲ್ಲ. ಅಲ್ಲಿಯೂ ಬೆರಳಿನ ಬದಲು ಚೀಲ ಕಟ್ಟಿದ ಕತ್ತರಿ ಬಂದು ಒರಟು ಎಲೆ ಕಾರ್ಖಾನೆ ಸೇರಿತು. 1986ರ ಚೆರ್ನೋಬಿಲ್ ದುರಂತದ ಮೋಡ ಆ ವರ್ಷದ ಮೊದಲ ಚಿಗುರಿನ ಮೇಲೆಯೇ ಮಳೆಯಾಗಿ ಇಳಿಯಿತು. ಚಹಾಕ್ಕೆ ಏನೂ ಆಗಿಲ್ಲವೆಂದು ತೋರಿಸಲು ಮಂತ್ರಿ ಜಾಹಿತ್ ಅರಾಲ್ ಕ್ಯಾಮೆರಾಗಳ ಮುಂದೆ ಕುಡಿದು ತೋರಿಸಿದರು. ಜನರ ಅನುಮಾನ ಇಂದಿಗೂ ಪೂರ್ತಿ ಆರಿಲ್ಲ. ಆದ್ದರಿಂದ ಒಂದು ಕಡೆ ಸರ್ಕಾರದ ಮೂರ್ಖತನ, ಇನ್ನೊಂದು ಕಡೆ ಮಾರುಕಟ್ಟೆಯ ವಿವೇಕ ಎಂದು ಈ ಕಥೆಯನ್ನು ಎರಡಾಗಿ ಸೀಳಲು ಬರುವುದಿಲ್ಲ.

ಆದರೂ ಎರಡು ದಂಡೆಗಳ ಪಾಡು ಬೇರೆಯಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಮುಗಿಯಿತು. ಜಾರ್ಜಿಯಾದಲ್ಲಿ ಅಂತರ್ಯುದ್ಧ, ಅಬ್ಖಾಜಿಯಾದಲ್ಲಿ ಕದನ, ಊರೂರಿಗೆ ಕತ್ತಲೆ. ಕೊಳ್ಳುವ ಮಾಸ್ಕೋ ಇಲ್ಲ, ಕಾರ್ಖಾನೆಗೆ ವಿದ್ಯುತ್ತಿಲ್ಲ, ತೋಟ ಯಾರದೆಂಬುದೇ ನಿರ್ಧಾರವಾಗಿಲ್ಲ. ಯಂತ್ರಗಳು ಗುಜರಿಗೆ ಹೋದವು. ಚಹಾ ಗಿಡಗಳನ್ನು ಕಿತ್ತು ಜನ ಮತ್ತೆ ಮೆಕ್ಕೆಜೋಳ ಹಾಕಿದರು. ಮಾಸ್ಕೋದಿಂದ ಬರುತ್ತಿದ್ದ ಧಾನ್ಯ ನಿಂತ ಮೇಲೆ ಇನ್ನೇನು ಮಾಡಿಯಾರು? ಉಳಿದೆಡೆ ಮುಳ್ಳುಪೊದೆ ಹಬ್ಬಿತು. ಸೊಂಟದೆತ್ತರ ಕತ್ತರಿಸಿಟ್ಟಿದ್ದ ಗಿಡಗಳು ತಮ್ಮ ಸಹಜ ಗುಣಕ್ಕೆ ಮರಳಿ ಮರಗಳಾದವು. ಲಕ್ಷ ಟನ್ನಿನ ಉದ್ಯಮ ಕೆಲವು ಸಾವಿರ ಟನ್ನಿಗೆ ಇಳಿಯಿತು. ಪದಕ ಪಡೆದ ಕೊಯ್ಲುಗಾರ್ತಿಯರ ಮಕ್ಕಳು ಕೆಲಸ ಹುಡುಕಿ ಹೊರನಾಡಿಗೆ ಹೋದರು. ಅವರಲ್ಲಿ ಹಲವರು ದಾಟಿದ್ದು ಅದೇ ತುರ್ಕಿಯ ಗಡಿಯನ್ನು, ರಿಝೆಯ ತೋಟಗಳಲ್ಲಿ ಚಹಾ ಕೀಳುವುದಕ್ಕೆ.

ಇದೇ ಕುಸಿತದ ಅಲೆ ನಮ್ಮ ನೆರೆಗೂ ಬಡಿಯಿತು. ದಕ್ಷಿಣ ಭಾರತದ ಚಹಾಕ್ಕೆ ಸೋವಿಯತ್ ಒಕ್ಕೂಟವೇ ದೊಡ್ಡ ಗಿರಾಕಿ. ರೂಪಾಯಿ ವ್ಯಾಪಾರದ ಆ ಬಾಗಿಲು ಮುಚ್ಚಿದ್ದು, ಮುಂದೆ ಬೆಲೆಗಳು ಬಿದ್ದದ್ದು ನೀಲಗಿರಿಯ ಸಣ್ಣ ಬೆಳೆಗಾರರನ್ನು ಕಂಗೆಡಿಸಿತು. ಅವರಲ್ಲಿ ಹೆಚ್ಚಿನವರು ಕನ್ನಡಕ್ಕೆ ಸೋದರಿಯಂತಿರುವ ನುಡಿಯನ್ನಾಡುವ ಬಡಗರು. ಕೂನೂರಿನ ಹರಾಜು ಕಟ್ಟೆಗೂ ಒಜುರ್ಗೆತಿಯ ಪಾಳುಬಿದ್ದ ಕಾರ್ಖಾನೆಗೂ ನಡುವೆ ಹೀಗೊಂದು ಕಾಣದ ನಂಟಿದೆ: ಒಬ್ಬನೇ ಗಿರಾಕಿಯನ್ನು ನಂಬಿದವರ ನಂಟು.

ರಿಝೆ ಉಳಿದದ್ದೇಕೆ? ಹವೆಯಿಂದಲ್ಲ, ಹವೆ ಎರಡೂ ಕಡೆ ಒಂದೇ. ನನಗೆ ಎರಡು ಕಾರಣಗಳು ಕಾಣುತ್ತವೆ. ಅಲ್ಲಿ ತೋಟ ರೈತನದು. ತುಂಡು ಭೂಮಿಯಾದರೂ ತನ್ನದು; ಬೆಲೆ ಬಿದ್ದ ವರ್ಷ ಗೊಣಗಿಯಾದರೂ ಗಿಡ ಉಳಿಸಿಕೊಳ್ಳುತ್ತಾನೆ. ಎರಡನೆಯದು ಇನ್ನೂ ಮುಖ್ಯ: ಬೆಳೆದವರೇ ಅದನ್ನು ಕುಡಿದರು. ತುರ್ಕಿಯಲ್ಲಿ ಇಂದು ತಲಾ ವರ್ಷಕ್ಕೆ ಮೂರು ಕಿಲೊಗೂ ಹೆಚ್ಚು ಚಹಾ ಬಳಕೆ, ಜಗತ್ತಿನಲ್ಲೇ ಅತಿ ಹೆಚ್ಚು. ನಡು ಸಣ್ಣಗಾದ ಗಾಜಿನ ಲೋಟದಲ್ಲಿ ಹಾಲಿಲ್ಲದ ಕೆಂಪು ಚಹಾ ಮದುವೆಯಲ್ಲೂ ಉಂಟು, ಸಾವಿನ ಮನೆಯಲ್ಲೂ ಉಂಟು. ಜಾರ್ಜಿಯಾದ ಜನ ಎಂದಿನಿಂದಲೂ ದ್ರಾಕ್ಷಾರಸದವರು. ಅವರ ಹಾಡು, ಅವರ ಔತಣ, ಅವರ ದೇವರು ಎಲ್ಲವೂ ದ್ರಾಕ್ಷಿಬಳ್ಳಿಯ ಸುತ್ತ. ಚಹಾವನ್ನು ಅವರು ಬೆಳೆದದ್ದು ಇನ್ನೊಬ್ಬರ ಸಮೋವರಿಗಾಗಿ. ಸಂಕಟದ ದಿನಗಳಲ್ಲಿ ದ್ರಾಕ್ಷಿತೋಟಗಳನ್ನು ಹೇಗೋ ಕಾದುಕೊಂಡ ಜನ ಚಹಾ ತೋಟಗಳನ್ನು ಕೈಬಿಟ್ಟರು. ಒಂದು ಬೆಳೆ ನೆಲಕ್ಕೆ ಒಗ್ಗಿದರೆ ಸಾಲದು, ನಾಲಗೆಗೂ ಒಗ್ಗಬೇಕು. ಮೊದಲನೆಯದನ್ನು ವಿಜ್ಞಾನಿಗಳು ಸಾಧಿಸಿದರು. ಎರಡನೆಯದನ್ನು ಯಾವ ಯೋಜನೆಯೂ ಸಾಧಿಸಲಿಲ್ಲ.

ಕಥೆ ಅಲ್ಲಿಗೇ ನಿಂತಿಲ್ಲ. 2016ರಲ್ಲಿ ಜಾರ್ಜಿಯಾ ಸರ್ಕಾರ ಪಾಳು ತೋಟಗಳ ಪುನಶ್ಚೇತನಕ್ಕೆ ಕಾರ್ಯಕ್ರಮವೊಂದನ್ನು ಆರಂಭಿಸಿತು. ಅದಕ್ಕಿಂತ ಕುತೂಹಲದ ಸಂಗತಿ, ಗುರಿಯಾ ಮತ್ತು ಇಮೆರೆತಿಯ ಕೆಲವು ಕುಟುಂಬಗಳು ಮುಳ್ಳುಪೊದೆ ಸವರಿ, ಮರವಾದ ಗಿಡಗಳನ್ನು ಮತ್ತೆ ಸೊಂಟದೆತ್ತರಕ್ಕೆ ಕತ್ತರಿಸಿ, ಕೈಯಿಂದ ಎರಡೆಲೆ ಒಂದು ಕುಡಿ ಕೀಳತೊಡಗಿವೆ. ದಶಕಗಳ ಕಾಲ ಗೊಬ್ಬರ, ಔಷಧಿ ಏನೂ ಕಾಣದ ನೆಲ. ಕಡುಚಳಿ ಕೀಟಗಳನ್ನೂ ಹತೋಟಿಯಲ್ಲಿಡುವುದರಿಂದ ಔಷಧಿಯ ಅಗತ್ಯವೂ ಕಡಿಮೆ. ಚಳಿಯಲ್ಲಿ ನಿಧಾನವಾಗಿ ಬೆಳೆದ ಎಲೆಗೆ ಕಹಿ ಕಡಿಮೆ, ಮೆದುವಾದ ಸಿಹಿ ಹೆಚ್ಚು ಎಂದು ಕುಡಿದವರು ಹೇಳುತ್ತಾರೆ. ಪ್ರಮಾಣ ಅತ್ಯಲ್ಪ, ಯಾವ ವಾರ್ಷಿಕ ವರದಿಗೂ ಶೋಭೆ ತರುವಂಥದ್ದಲ್ಲ. ಆದರೆ ಆ ಪೊಟ್ಟಣಗಳ ಮೇಲೆ ಆನೆಯಿಲ್ಲ. ಎಲೆ ಬೆಳೆದ ಹಳ್ಳಿಯ ಹೆಸರಿದೆ.